ಮೊದಲ ವಾಸನೆಗೆ ತೀರ್ಪು ಬೇಡ

ದುಬೈನ ತಮ್ಮ ಕಳಿಸಿದ ದುಬಾರಿ ಸೆಂಟು ‘ಸುಟ್ಟ ಕಟ್ಟಿಗೆಗೆ ಔಷಧಿ ಸುರಿದ ಹಾಗೆ’ ಇದೆ, ಯಾರಿಗಾದರೂ ಕೊಟ್ಟುಬಿಡಲೇ ಎಂದು ಮನ್ಮನೆಯಿಂದ ಕೇಳಿದ್ದೀರಿ. ಈಗಲೇ ಬೇಡ.

ಸಿಂಪಡಿಸಿದ ಕೂಡಲೇ ಮೂಗಿಗೆ ಬಡಿಯುವುದು ಆಲ್ಕೋಹಾಲ್ ಮತ್ತು ನಿಂಬೆ ಜಾತಿಯ ಹಗುರ ಅಣುಗಳು. ಅವು ಬೇಗ ಹಾರಿಹೋಗುತ್ತವೆ. ನೀವು ಬರೆದಿರುವ ಊದ್ (ಅಗರು), ಲಾವಂಚ, ಗಂಧ ಮೂರೂ ಭಾರದವು, ಗಂಟೆಗಟ್ಟಲೆ ನಿಧಾನವಾಗಿ ಏಳುತ್ತವೆ. ಲಾವಂಚದ ಬೇರನ್ನು ಕುಡಿಯುವ ನೀರಿನ ಹೂಜಿಗೆ ಹಾಕಿದ್ದನ್ನು ನೆನಪಿಸಿಕೊಳ್ಳಿ: ಒದ್ದೆ ಮಣ್ಣು, ತುಸು ಹೊಗೆ, ಕೊನೆಗೊಂದು ಸಿಹಿ. ಹೊರದೇಶದ ಬಾಟಲಿಯಲ್ಲಿರುವುದೂ ಅದೇ ಬೇರಿನ ಎಣ್ಣೆ. ಗಂಧದ ಮಾತು ಬೇರೆ. 1916ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಎಣ್ಣೆಗೆ ಜಗತ್ತಿನಲ್ಲೆಲ್ಲ ಹೆಸರಿತ್ತು. ಈಗ ಬಹಳಷ್ಟು ಸೆಂಟುಗಳಲ್ಲಿ ಗಂಧವೆಂದರೆ ಪ್ರಯೋಗಾಲಯದ ಅಣು. ಗುಡಿಗಾರರು ಕೆತ್ತಿದ ಹಳೆಯ ಗಂಧದ ಸಾಮಾನು ಮನೆಯಲ್ಲಿದ್ದರೆ ಮೂಸಿ ಹೋಲಿಸಿ.

ಪರೀಕ್ಷೆಯ ದಿನ ಸ್ಯಾಂಡಲ್ ಸೋಪು, ತಲೆಗೆಣ್ಣೆ ಎರಡೂ ಬೇಡ. ಮಣಿಕಟ್ಟಿನ ಒಳಗೆ ಒಂದೇ ಸಲ ಸಿಂಪಡಿಸಿ, ತಿಕ್ಕಬೇಡಿ. ಅರ್ಧ ಗಂಟೆ ಬಿಟ್ಟು ಒಮ್ಮೆ, ಆಮೇಲೆ ಮಧ್ಯಾಹ್ನ, ಸಂಜೆ ಮೂಸಿ. ಅಡಿಕೆ ಬೇಯಿಸುವ ಒಲೆಯ ಹತ್ತಿರವಂತೂ ಬೇಡವೇ ಬೇಡ! ನಡುವೆ ವಾಸನೆ ಮಾಯವಾದಂತೆ ಅನಿಸಿದರೆ ಮನೆಯವರನ್ನು ಕೇಳಿ. ಮೂಗು ಬೇಗ ದಣಿಯುತ್ತದೆ, ಕೆಲವು ಕಸ್ತೂರಿ ಅಣುಗಳು ಕೆಲವರಿಗೆ ತಿಳಿಯುವುದೇ ಇಲ್ಲ.

ಒಮ್ಮೆ ಸೆಕೆಯ ದಿನ, ಒಮ್ಮೆ ಜಡಿಮಳೆಯಲ್ಲಿ ಹಾಕಿ ನೋಡಿ. ಎರಡೂ ಸಲ ತಲೆನೋವು ಬಂದರೆ ಸಂಕೋಚವಿಲ್ಲದೆ ದಾಟಿಸಿ. ಅಲ್ಲಿಯವರೆಗೆ ಬಾಟಲಿ ಬಚ್ಚಲಲ್ಲಿ ಬೇಡ, ಕತ್ತಲಿನ ಕಪಾಟಿನಲ್ಲಿರಲಿ.