ಗರ್ಭಕೋಶದ ಗಡ್ಡೆ: ಹೆದರುವ ಮೊದಲು ತಿಳಿಯೋಣ



"ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಅಂತ ಬಂದಿದೆ, ಗರ್ಭಕೋಶ ತೆಗೆಸಬೇಕಂತೆ, ಸಾಲ ಕೊಡಿ" ಎಂದು ಸಂಘದಲ್ಲಿ ಒಬ್ಬರು ಕೇಳಿದರೆ ಏನು ಹೇಳುತ್ತೀರಿ? ಸಾಲದ ಮಾತಿಗಿಂತ ಮೊದಲು ಈ ಪಾಠ ಓದಿ.

ಗಡ್ಡೆ ಹೇಗೆ ಬೆಳೆಯುತ್ತದೆ?
ಗರ್ಭಕೋಶದ ಗೋಡೆ ಮಾಂಸಖಂಡದಿಂದ ಆಗಿದೆ. ಅದರ ಒಂದು ಜೀವಕೋಶ ಬದಲಾಗಿ, ಒಂದು ಎರಡಾಗಿ, ಎರಡು ನಾಲ್ಕಾಗಿ ಗಂಟು ಕಟ್ಟುತ್ತದೆ. ಇದೇ ಫೈಬ್ರಾಯ್ಡ್. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಇದಕ್ಕೆ ಗೊಬ್ಬರ ಇದ್ದಹಾಗೆ. ಆದ್ದರಿಂದ ಮುಟ್ಟಾಗುವ ವಯಸ್ಸಿನಲ್ಲಿ ಬೆಳೆಯುತ್ತದೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ರಾಗಿ ಕಾಳಿನಷ್ಟಿರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ತಾಯಿ, ಅಕ್ಕತಂಗಿಯರಿಗೆ ಇದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚು. ಇದು ಶಾಪವಲ್ಲ, ಅಂಟುರೋಗವಲ್ಲ. ಇಂಥ ಗಡ್ಡೆ ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ.

ಲಕ್ಷಣಗಳು
ಎಷ್ಟೋ ಜನರಿಗೆ ಏನೂ ತೊಂದರೆ ಇರುವುದಿಲ್ಲ. ಗಡ್ಡೆ ಒಳಮುಖವಾಗಿ ಬೆಳೆದರೆ ಚಿಕ್ಕದಾದರೂ ಮುಟ್ಟಿನಲ್ಲಿ ಹೆಪ್ಪು ಹೆಪ್ಪಾಗಿ ರಕ್ತ ಹೋಗುತ್ತದೆ. ಹೊರಮುಖವಾಗಿ ಬೆಳೆದರೆ ಪದೇ ಪದೇ ಮೂತ್ರ, ಮಲಬದ್ಧತೆ, ಹೊಟ್ಟೆ ಭಾರ. ರಕ್ತ ಹೆಚ್ಚು ಹೋದರೆ ರಕ್ತಹೀನತೆ ಬಂದು, ಕೂಲಿಗೆ ಹೋದರೂ ಏದುಸಿರು, ತಲೆಸುತ್ತು. "ಹೆಂಗಸರಿಗೆ ಇದೆಲ್ಲಾ ಇದ್ದದ್ದೇ" ಅಂತ ಸುಮ್ಮನಿರಬೇಡಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ.

ಚಿಕಿತ್ಸೆ
ತೊಂದರೆ ಕೊಡದ ಗಡ್ಡೆಗೆ ಆಪರೇಷನ್ ಬೇಡ. ವೈದ್ಯರು ಹೇಳಿದಂತೆ ತಪಾಸಣೆ ಸಾಕು. ರಕ್ತಸ್ರಾವ ತಗ್ಗಿಸಲು ಮಾತ್ರೆಗಳಿವೆ, ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಗಳಿವೆ. ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸಲೂ ಆಗುತ್ತದೆ. ಗರ್ಭಕೋಶ ತೆಗೆಯುವುದು ಕೆಲವರಿಗೆ ಬೇಕಾಗಬಹುದು, ಆದರೆ ಅದು ಕೊನೆಯ ದಾರಿ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಚಿಕ್ಕ ವಯಸ್ಸಿಗೇ ಮೂಳೆ ಸವೆಯುತ್ತದೆ.

ಎಚ್ಚರಿಕೆ ಏಕೆ?
ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ದೂರುಗಳ ಬಗ್ಗೆ 2015ರಲ್ಲಿ ಸರ್ಕಾರ ತನಿಖೆ ನಡೆಸಿತು. ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿ ಪಾಲಿಸುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ರಾಜ್ಯಗಳಿಗೆ ಹೇಳಿದೆ.

ಆದ್ದರಿಂದ ವೈದ್ಯರನ್ನು ಕೇಳಿ:
1. ಗಡ್ಡೆ ಎಷ್ಟು ದೊಡ್ಡದು, ಎಲ್ಲಿದೆ?
2. ಮಾತ್ರೆಯಿಂದ ಆಗುವುದಿಲ್ಲವೇ?
3. ಕಾದರೆ ಏನಾಗುತ್ತದೆ?
4. ಅಂಡಾಶಯ ಉಳಿಸುತ್ತೀರಾ?

ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ತೆಗೆದುಕೊಳ್ಳಿ. ಸಿರಾದ ಸರ್ಕಾರಿ ಆಸ್ಪತ್ರೆಯಲ್ಲೋ ತುಮಕೂರು ಜಿಲ್ಲಾಸ್ಪತ್ರೆಯಲ್ಲೋ ಇನ್ನೊಬ್ಬ ವೈದ್ಯರಿಗೂ ತೋರಿಸಿ. ಒಬ್ಬರೇ ಹೋಗಬೇಡಿ, ಸಂಘದ ಒಬ್ಬ ಸದಸ್ಯೆ ಜೊತೆಗಿರಲಿ.

ಸಭೆಯಲ್ಲಿ ಚರ್ಚಿಸಿ: ಮುಟ್ಟಿನ ತೊಂದರೆಯನ್ನು ನಾವು ಯಾರ ಹತ್ತಿರ ಹೇಳಿಕೊಳ್ಳುತ್ತೇವೆ? ಆಪರೇಷನ್‌ಗೆ ಸಾಲ ಕೇಳಿದ ಸದಸ್ಯೆಯ ಜೊತೆ ಆಸ್ಪತ್ರೆಗೆ ಹೋಗುವವರು ಯಾರು?