ಮಕ್ಕಳ ಕೈಯಲ್ಲಿ ಮೊಬೈಲು

ಭಟ್ಕಳ, ಹೊನ್ನಾವರ, ಕುಮಟಾ. ಮೂರೂ ಕಡಲ ದಂಡೆಯ ಊರುಗಳು. ಇಲ್ಲಿ ಮೀನು ಮಾರುವವರಿದ್ದಾರೆ. ಗದ್ದೆ ಕೆಲಸ ಮಾಡುವವರಿದ್ದಾರೆ. ಗಂಡ ದೂರದ ದುಬೈಯಲ್ಲಿ, ಸೌದಿಯಲ್ಲಿ ದುಡಿಯುವ ಮನೆಗಳೂ ಇವೆ.

ಮೊದಲೆಲ್ಲ ದೂರದಿಂದ ಕಾಗದ ಬರಬೇಕಿತ್ತು. ಅದನ್ನು ಓದಿಸಲು ಓದು ಬಲ್ಲವರನ್ನು ಹುಡುಕಬೇಕಿತ್ತು. ಈಗ ಹಾಗಲ್ಲ. ಅಪ್ಪನ ಮುಖ ಮೊಬೈಲಿನಲ್ಲೇ ಕಾಣುತ್ತದೆ. ಮಗು ಇಲ್ಲಿ ಕರೆದರೆ ಅಪ್ಪ ಅಲ್ಲಿ ನಗುತ್ತಾನೆ. ಇದು ಸಣ್ಣ ಮಾತಲ್ಲ.

2020ರಲ್ಲಿ ಕೊರೊನಾ ಬಂತು. ಶಾಲೆಗಳು ಮುಚ್ಚಿದವು. ಪಾಠ ಮೊಬೈಲಿಗೆ ಬಂತು. ಘಟ್ಟದ ಬುಡದ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ ಸಿಗಲಿಲ್ಲ. ಮಕ್ಕಳು ಗುಡ್ಡ ಹತ್ತಿ ಕೂತರು. ಮೊಬೈಲು ಇಲ್ಲದ ಮನೆಯ ಮಕ್ಕಳು ಹಿಂದೆ ಬಿದ್ದರು. ಆಗ ಸರ್ಕಾರ 'ವಿದ್ಯಾಗಮ' ಎಂಬ ಕಾರ್ಯಕ್ರಮ ಶುರು ಮಾಡಿತು. ಮಾಸ್ತರರು, ಅಕ್ಕೋರು ಊರಿಗೇ ಬಂದು ಕಲಿಸಿದರು. ಮತ್ತೆ ಶಾಲೆ ತೆರೆಯಿತು. ಆದರೆ ಪಾಠಕ್ಕೆಂದು ಕೊಟ್ಟ ಮೊಬೈಲು ಎಷ್ಟೋ ಮಕ್ಕಳ ಕೈಯಲ್ಲೇ ಉಳಿಯಿತು.

ಮೆಟ್ಟುಗತ್ತಿ ಇಲ್ಲದೆ ಅಡುಗೆ ಮನೆ ನಡೆಯುವುದಿಲ್ಲ. ಹಾಗಂತ ಅದನ್ನು ಮಗುವಿನ ಮುಂದೆ ಇಟ್ಟು ನಾವು ಪೇಟೆಗೆ ಹೋಗ್ತೇವೆಯೇ? ಮೊಬೈಲೂ ಹಾಗೆಯೇ. ಬೇಕು. ಆದರೆ ಕಣ್ಣಿಡಬೇಕು.

ಸಣ್ಣ ಮಕ್ಕಳು

ಮಗು ಊಟ ಮಾಡುವುದಿಲ್ಲ ಎಂದು ಮೊಬೈಲು ಕೊಡುತ್ತೇವೆ. ಮಗು ಅತ್ತರೂ ಅದನ್ನೇ ಕೊಡುತ್ತೇವೆ. ಆಮೇಲೆ ಅದಿಲ್ಲದೆ ಮಗು ಬಾಯಿಯೇ ತೆರೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಸಲಹೆ ಕೊಟ್ಟಿದೆ. 2 ವರ್ಷ ತುಂಬುವ ತನಕ ಮಗುವಿಗೆ ಟಿವಿ, ಮೊಬೈಲು ತೋರಿಸುವುದು ಬೇಡ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಕಡಿಮೆ ಆದಷ್ಟೂ ಒಳ್ಳೆಯದು. ಮಗು ಓಡಬೇಕು, ಆಡಬೇಕು, ಚೆನ್ನಾಗಿ ನಿದ್ದೆ ಮಾಡಬೇಕು. ನಮ್ಮ ಮಾತು ಕೇಳಿಯೇ ಮಗು ಮಾತು ಕಲಿಯುತ್ತದೆ.

ದೊಡ್ಡ ಮಕ್ಕಳು

ಹರೆಯದ ಹುಡುಗರ ಮೊಬೈಲಿಗೆ ದಿನವೂ ನೂರು ಸುದ್ದಿ ಬರುತ್ತದೆ. ಎಲ್ಲವೂ ನಿಜವಲ್ಲ. ಸುಳ್ಳು ಸುದ್ದಿಯಿಂದ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ.

2017ರ ಡಿಸೆಂಬರ್ ತಿಂಗಳು. ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಗಲಾಟೆ ಆಯಿತು. ಆಗ ಒಬ್ಬ ಯುವಕ ಕಾಣೆಯಾದ. ಡಿಸೆಂಬರ್ 8ರಂದು ಅವನ ಶವ ಕೆರೆಯಲ್ಲಿ ಸಿಕ್ಕಿತು. ಹೆತ್ತವರ ಸಂಕಟ ಹೇಳತೀರದು.

ಸಾವು ಹೇಗಾಯಿತು ಎಂದು ತಿಳಿಯುವ ಮೊದಲೇ ಮೊಬೈಲುಗಳಲ್ಲಿ ಸುದ್ದಿ ಹರಿಯಿತು. ಅವನಿಗೆ ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ ಎಂಬ ಸುದ್ದಿ. ಅಂಥ ಗುರುತು ಇಲ್ಲ ಎಂದು ಶವ ಪರೀಕ್ಷೆ ಮಾಡಿದ ವೈದ್ಯರು ಹೇಳಿದರು. ಆದರೂ ಸಿಟ್ಟು ಆರಲಿಲ್ಲ. ಡಿಸೆಂಬರ್ 11ರಂದು ಕುಮಟಾದಲ್ಲಿ ಕಲ್ಲು ತೂರಿದರು. ಪೊಲೀಸ್ ಅಧಿಕಾರಿಯ ವಾಹನಕ್ಕೆ ಬೆಂಕಿ ಬಿತ್ತು. ಮರುದಿನ ಶಿರಸಿಯಲ್ಲೂ ಗಲಭೆ ಆಯಿತು. ಹಲವರ ಮೇಲೆ ಕೇಸು ಬಿತ್ತು.

ಆಮೇಲೆ ಸಿಬಿಐ ತನಿಖೆ ಮಾಡಿತು. 2022ರಲ್ಲಿ ಕೋರ್ಟಿಗೆ ವರದಿ ಕೊಟ್ಟಿತು. ಅದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂದು ವರದಿ ಹೇಳಿತು. ವರದಿ ಬರಲು ಸುಮಾರು ಐದು ವರ್ಷ ಬೇಕಾಯಿತು. ಊರಿಗೆ ಬೆಂಕಿ ಹತ್ತಲು ಮೂರು ದಿನ ಸಾಕಾಯಿತು.

ಕೇಸು ಬಿದ್ದ ಹುಡುಗನ ಗತಿ ಏನು? ಕೋರ್ಟಿಗೆ ಅಲೆಯಬೇಕು. ಪಾಸ್‌ಪೋರ್ಟ್ ಮಾಡಿಸಲು ಹೋದರೆ ಪೊಲೀಸ್ ತಪಾಸಣೆ ಇರುತ್ತದೆ. ಸರ್ಕಾರಿ ಕೆಲಸಕ್ಕೂ ಇರುತ್ತದೆ. ಸುಳ್ಳು ಬರೆದವನು ಎಲ್ಲೋ ಕೂತಿರುತ್ತಾನೆ. ಅಲೆಯುವವನು ನಮ್ಮ ಮಗ.

ತಾಯಿ ಏನು ಮಾಡಬಹುದು?

ನಮಗೀಗ ಅಕ್ಷರ ಬಂದಿದೆ. ಪುಸ್ತಕದಲ್ಲಿ ಇರುವ ಅಕ್ಷರವೇ ಮೊಬೈಲಿನಲ್ಲೂ ಇದೆ. ಮಗನ ಪಕ್ಕ ಕೂತು ಓದಬಹುದು. ಹೀಗೆ ಕೇಳಬಹುದು:

"ತಮಾ, ಇದು ಯಾರು ಬರೆದದ್ದು?"

"ಗೊತ್ತಿಲ್ಲ ಆಯಿ. ಗ್ರೂಪಿಗೆ ಬಂತು."

"ಯಾವಾಗ ಆದದ್ದು?"

"ತಾರೀಕು ಇಲ್ಲ."

"ಕಣ್ಣಾರೆ ನೋಡಿದವರು ಯಾರು?"

"ಅದೂ ಇಲ್ಲ."

"ಹಾಗಾದ್ರೆ ನೀನೆಂತಕ್ಕೆ ಮುಂದೆ ಕಳಿಸ್ತೆ?"

ಯಾರು? ಯಾವಾಗ? ನೋಡಿದವರು ಯಾರು? ಈ ಮೂರು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಸುದ್ದಿ ನಮ್ಮ ಮನೆಯಲ್ಲೇ ನಿಲ್ಲಲಿ.

ಹೆಣ್ಣು ಮಕ್ಕಳಿಗೆ ಬೇರೆ ಕಷ್ಟ ಇದೆ. ಗುರುತಿಲ್ಲದವರು ಮೊಬೈಲಿನಲ್ಲಿ ಸ್ನೇಹ ಬೆಳೆಸುತ್ತಾರೆ. ಫೋಟೋ ಕೇಳುತ್ತಾರೆ. ಆಮೇಲೆ ಅದನ್ನೇ ಹಿಡಿದು ಹೆದರಿಸುತ್ತಾರೆ. ಮಗಳು ಬಂದು ಹೇಳಿದರೆ ಬೈಯಬೇಡಿ. ಹೊಡೆಯಬೇಡಿ. ಶಾಲೆ ಬಿಡಿಸಬೇಡಿ. ಬೈಗುಳಕ್ಕೆ ಹೆದರಿ ಅವಳು ಸುಮ್ಮನಾದರೆ ಹೆದರಿಸುವವನಿಗೇ ಬಲ ಬರುತ್ತದೆ. ಅವನು ಕಳಿಸಿದ್ದನ್ನು ಅಳಿಸಬೇಡಿ. ಅದೇ ಸಾಕ್ಷಿ.

ಮಕ್ಕಳಿಗೆ ತೊಂದರೆ ಆದರೆ 1098ಕ್ಕೆ ಫೋನ್ ಮಾಡಿ. ಮೊಬೈಲಿನಲ್ಲಿ ಮೋಸದಿಂದ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಮನೆಯ ಕಟ್ಟಳೆ

ಊಟದ ಹೊತ್ತಿಗೆ ಯಾರ ಕೈಯಲ್ಲೂ ಮೊಬೈಲು ಬೇಡ.
ರಾತ್ರಿ ಮಲಗುವಾಗ ಎಲ್ಲರ ಮೊಬೈಲು ಒಂದೇ ಕಡೆ ಇರಲಿ.
ಈ ಕಟ್ಟಳೆ ದೊಡ್ಡವರಿಗೂ ಇರಲಿ. ನಾವು ನೋಡುತ್ತ ಕೂತರೆ ಮಕ್ಕಳು ಬಿಡುತ್ತಾರೆಯೇ?

ಮಾತಾಡೋಣ

1. ನಿಮ್ಮ ಮನೆಯಲ್ಲಿ ಮೊಬೈಲಿನಿಂದ ಆದ ಒಳ್ಳೆಯದು ಏನು? ಕೆಟ್ಟದ್ದು ಏನು?
2. ಸುದ್ದಿ ಸುಳ್ಳೋ ನಿಜವೋ ಎಂದು ತಿಳಿಯಲು ಕೇಳಬೇಕಾದ ಮೂರು ಪ್ರಶ್ನೆ ಯಾವುವು?
3. ಮಗಳು ಹೆದರಿಕೊಂಡು ಬಂದರೆ ಮೊದಲು ಯಾವ ಮಾತು ಹೇಳುತ್ತೀರಿ?

ಬರೆಯೋಣ

1098, 1930. ಈ ಎರಡು ನಂಬರುಗಳನ್ನು ದೊಡ್ಡದಾಗಿ ಬರೆದು ಮನೆಯ ಗೋಡೆಗೆ ಅಂಟಿಸಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.