ಮರಿ ಬರುವ ಮುಂಚೆ

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ ಇದೆ. ಹೋದ ಚಳಿಗಾಲ ಸಂಘದಲ್ಲಿ ಸಾಲ ಮಾಡಿ 20 ಗಿರಿರಾಜ ಮರಿ ತಂದೆವು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿ ಇದು. ನಾಟಿ ಕೋಳಿಯಂತೆ ಹಿತ್ತಲಲ್ಲೇ ಮೇಯುತ್ತದೆ. ಮೊಟ್ಟೆ ಮಾತ್ರ ಹೆಚ್ಚು.

ಸಂಜೆ ಮರಿ ಬಂದವು. ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟೆವು. ಮೇಲೆ ಗೋಣಿ ಹೊದಿಸಿ ಮಲಗಿದೆವು. ಬೆಳಗ್ಗೆ ಎದ್ದು ನೋಡಿದರೆ 11 ಮರಿ ಸತ್ತಿದ್ದವು. ಎಲ್ಲವೂ ಒಂದೇ ಮೂಲೆಯಲ್ಲಿ, ಒಂದರ ಮೇಲೊಂದು.

"ಯಾರದೋ ಕಣ್ಣು ಬಿತ್ತು" ಅಂದರು ಮನೆಯ ಹಿರಿಯರು. ಕಣ್ಣಲ್ಲ ಕಣವ್ವ, ಚಳಿ!

ತಾಯಿ ಕೋಳಿ ಮರಿಗಳನ್ನು ರೆಕ್ಕೆಯೊಳಗೆ ಇಟ್ಟುಕೊಳ್ಳುತ್ತದೆ. ಕೊಂಡು ತಂದ ಮರಿ ಯಂತ್ರದಲ್ಲಿ ಹುಟ್ಟಿದ್ದು. ಅದಕ್ಕೆ ತಾಯಿ ಇಲ್ಲ. ಮೊದಲ ವಾರ ಅದಕ್ಕೆ 35 ಡಿಗ್ರಿ ಬಿಸಿ ಬೇಕು. ನಮ್ಮ ಮೈಬಿಸಿ 37 ಡಿಗ್ರಿ. ಅಂದರೆ ಹೆಚ್ಚುಕಡಿಮೆ ನಮ್ಮ ಕಂಕುಳಷ್ಟು ಬೆಚ್ಚಗಿರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು.

ಈ ಸಲ ಮರಿ ಬರುವ ಮುಂಚೆಯೇ ಮನೆ ಸಿದ್ಧ ಮಾಡಿದೆವು. ನಮ್ಮದು ನಾಲೆ ನೀರಿನ ಊರು, ನೆಲ ತೇವ. ಆದ್ದರಿಂದ ಒಣಗಿದ ಜಾಗ ಹುಡುಕಿ ಸುಣ್ಣ ಬಳಿದೆವು. ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ಸುತ್ತಿ ನಿಲ್ಲಿಸಿದೆವು. ದುಂಡಗೆ ಏಕೆ? ಮೂಲೆ ಇದ್ದರೆ ಮರಿ ಅಲ್ಲಿ ಗುಂಪಾಗಿ ಉಸಿರುಕಟ್ಟಿ ಸಾಯುತ್ತವೆ. ಒಳಗೆ ಎರಡು ಅಂಗುಲ ಭತ್ತದ ಹೊಟ್ಟು ಹರಡಿದೆವು. ಮಂಡ್ಯ ಜಿಲ್ಲೆಯಲ್ಲಿ ಭತ್ತದ ಹೊಟ್ಟಿಗೆ ಬರವೇ? ಮರಿ ಹೊಟ್ಟು ತಿನ್ನದ ಹಾಗೆ ಮೂರು ದಿನ ಮೇಲೆ ಕಾಗದ ಹಾಸಬೇಕು. ಹೊಟ್ಟು ಒದ್ದೆಯಾದರೆ ಕೂಡಲೇ ತೆಗೆಯಬೇಕು. ಒದ್ದೆಯಲ್ಲಿ ರಕ್ತಭೇದಿ ಬರುತ್ತದೆ.

ಬಿಸಿಗೆ ಹಳೇ ತರಹದ 60 ವ್ಯಾಟಿನ ಬಲ್ಬು ಬೇಕು. ಈಗಿನ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಬಲ್ಬನ್ನು ನೆಲದಿಂದ ಒಂದಡಿ ಮೇಲೆ ಕಟ್ಟಿ. ಮರಿ ಬರುವ ಹಿಂದಿನ ದಿನವೇ ಹಚ್ಚಿಬಿಡಿ, ಹೊಟ್ಟೂ ಬೆಚ್ಚಗಾಗುತ್ತದೆ. ಕರೆಂಟು ಹೋದರೆ? ಮಡಕೆಯಲ್ಲಿ ಕೆಂಡ ಇಟ್ಟು, ಸುತ್ತ ಇಟ್ಟಿಗೆ ಜೋಡಿಸಿ. ಬಾಗಿಲು ಪೂರ್ತಿ ಮುಚ್ಚಬೇಡಿ. ಕೆಂಡದ ವಿಷಗಾಳಿ ಮರಿಯನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ.

ಬಿಸಿ ಸಾಕೋ ಬೇಕೋ ಮರಿಯೇ ಹೇಳುತ್ತದೆ. ಬಲ್ಬಿನ ಕೆಳಗೆ ಒತ್ತಿಕೊಂಡು ಚೀಂವ್ ಚೀಂವ್ ಅಂದರೆ ಚಳಿ. ಬಾಯಿ ಬಿಟ್ಟುಕೊಂಡು ದೂರ ಓಡಿದರೆ ಸೆಕೆ. ಎಲ್ಲ ಕಡೆ ಹರಡಿ ಮೇಯುತ್ತಿದ್ದರೆ ಸರಿಯಾಗಿದೆ.

ಬಂದ ಕೂಡಲೇ ಮೊದಲು ನೀರು. ಕಾಯಿಸಿ ಆರಿಸಿದ ನೀರಿಗೆ ಚೂರು ಬೆಲ್ಲ ಹಾಕಿ. ಆಲೆಮನೆಯ ಬೆಲ್ಲ ನಮ್ಮಲ್ಲಿ ಇದ್ದೇ ಇರುತ್ತದೆ. ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ಮುಟ್ಟಿಸಿ, ಕುಡಿಯುವುದು ಕಲಿಯಲಿ. ತಟ್ಟೆಯಲ್ಲಿ ಕಲ್ಲುಗಳನ್ನು ಹಾಕಿಟ್ಟರೆ ಮುಳುಗುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಜೋಳದ ನುಚ್ಚು. ಮಾರನೆಯ ದಿನದಿಂದ ಮರಿ ಆಹಾರ. ಬರೀ ಅಕ್ಕಿ ನುಚ್ಚು ತಿಂದ ಮರಿ ಬೆಳೆಯುವುದಿಲ್ಲ.

ರಾತ್ರಿ ಮೇಲೆ ತಂತಿಬಲೆ ಮುಚ್ಚಿ. ಹೆಗ್ಗಣ, ಬೆಕ್ಕು, ಮುಂಗುಸಿ ಕಾಯುತ್ತಲೇ ಇರುತ್ತವೆ.

ಇನ್ನು ಲಸಿಕೆ. 7ನೇ ದಿನ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. 14ನೇ ದಿನ ಗುಂಬೊರೊ ರೋಗದ್ದು. 28ನೇ ದಿನ ಮತ್ತೆ ಕೊಕ್ಕರೆ ರೋಗದ್ದು. ಮುಂದಿನದನ್ನು ಪಶು ಆಸ್ಪತ್ರೆಯಲ್ಲಿ ಕೇಳಿ. ಸಣ್ಣ ಸೀಸೆಯಲ್ಲೂ ನೂರು ಮರಿಗೆ ಆಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ಈ ಸಲ ಐದು ಮನೆಯವರು ಒಂದೇ ದಿನ ಮರಿ ತಂದೆವು. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಒಂದೇ ಸೀಸೆ ತಂದರೆ ಸಾಕಾಯಿತು. ಸೀಸೆಯ ಮೇಲಿನ ತಾರೀಖನ್ನು ನಾವೇ ಓದಿ ನೋಡಿದೆವು. ಮೂರು ಲಸಿಕೆಯ ದಿನಗಳನ್ನೂ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದೇವೆ. ಎರಡು ದಿನಕ್ಕೆ ಗೀಟು ಹಾಕಿ ಆಯಿತು. ನೂರರಲ್ಲಿ 96 ಮರಿ ಓಡಾಡುತ್ತಿವೆ.